ರಕ್ಷಾಮಂತ್ರದ ಮಿತಿಯೇ ಅದರ ಮಹಿಮೆ

ಮೇಜಿನ ಸುತ್ತ ಕುಳಿತು, ದಾಳಗಳನ್ನುರುಳಿಸುತ್ತ, ಮಾತಿನಿಂದಲೇ ಒಂದು ಅದ್ಭುತ ಲೋಕವನ್ನು ನಿರ್ಮಿಸಿ ಆಡುವ ಪಾತ್ರಧಾರಣೆಯ ಆಟಗಳಲ್ಲಿ ಹೊಸಬರ ಮನಸ್ಸನ್ನು ಮೊದಲು ಸೆಳೆಯುವುದು ಬೆಂಕಿ ಸಿಡಿಲುಗಳ ಸಂಹಾರಮಂತ್ರಗಳೇ ಆದರೂ, ಆಟದಲ್ಲಿ ಪಳಗಿದವರು ಮಾಂತ್ರಿಕನ ವಿವೇಕವನ್ನು ಅಳೆಯುವುದು ಅವನು ಕಟ್ಟುವ ದಿಗ್ಬಂಧನದಿಂದ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು 1974ರಲ್ಲಿ ಲೋಕಕ್ಕೆ ನೀಡಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಮಂತ್ರಗಳನ್ನು, ವಿಶೇಷತಃ 2014ರ ಐದನೆಯ ಆವೃತ್ತಿಯಲ್ಲಿ ಅವು ತಳೆದ ರೂಪವನ್ನು, ಪರಿಶೀಲಿಸಿದವರಿಗೆ ಒಂದು ತತ್ತ್ವ ಮನದಟ್ಟಾಗದಿರದು: ತಾನು ಏನನ್ನು ತಡೆಯಲಾರೆನೆಂಬುದನ್ನು ಸ್ಪಷ್ಟವಾಗಿ ನುಡಿಯುವ ಮಂತ್ರವೇ ಉತ್ತಮ ರಕ್ಷಾಮಂತ್ರ.

ಮೊದಲ ಮಟ್ಟದ ‘ಶೀಲ್ಡ್’ ಮಂತ್ರವನ್ನೇ ನೋಡಿ. ಶತ್ರುವಿನ ಏಟು ತಗುಲಿತೆಂದು ತಿಳಿದ ಕ್ಷಣದಲ್ಲಿ, ಪ್ರತಿಕ್ರಿಯೆಯಾಗಿ ಇದನ್ನು ಉಚ್ಚರಿಸಿದರೆ, ಮಾಂತ್ರಿಕನ ರಕ್ಷಣಾಂಕ ಅವನ ಮುಂದಿನ ಸರದಿಯ ಆರಂಭದವರೆಗೆ 5 ಹೆಚ್ಚುತ್ತದೆ. ರಕ್ಷಣಾಂಕ 13 ಇದ್ದವನ ಮೇಲೆ 17ರ ಏಟು ಬಿದ್ದರೆ ಅದು ವ್ಯರ್ಥವಾಗುತ್ತದೆ. 19ರ ಏಟು ಬಿದ್ದರೆ ಮಂತ್ರವೇ ವ್ಯರ್ಥ. ಒಂದು ಸುತ್ತಿನಲ್ಲಿ ದೊರೆಯುವ ಪ್ರತಿಕ್ರಿಯೆ ಒಂದೇ ಆದುದರಿಂದ, ಇದನ್ನು ಬಳಸಿದವನು ಅಷ್ಟರಲ್ಲಿ ವೈರಿಯ ಮಂತ್ರವನ್ನು ಮುರಿಯುವ ‘ಕೌಂಟರ್‌ಸ್ಪೆಲ್’ ಪ್ರಯೋಗಿಸಲಾರ. ಇಷ್ಟು ಕಿರಿದಾದ ಮಂತ್ರದಲ್ಲಿಯೂ ಒಂದನ್ನು ಪಡೆಯಲು ಮತ್ತೊಂದನ್ನು ತ್ಯಜಿಸಬೇಕಾಗುವುದು.

ಐದನೆಯ ಮಟ್ಟದ ‘ವಾಲ್ ಆಫ್ ಫೋರ್ಸ್’ ಇದಕ್ಕಿಂತ ಗಂಭೀರವಾದುದು. ಕಾಲಂಗುಲ ದಪ್ಪದ ಈ ಅದೃಶ್ಯ ಭಿತ್ತಿಗೆ ಯಾವ ಏಟಿನಿಂದಲೂ ಹಾನಿಯಿಲ್ಲ. ಸಾಮಾನ್ಯ ಮಂತ್ರಗಳನ್ನು ಅಳಿಸುವ ‘ಡಿಸ್ಪೆಲ್ ಮ್ಯಾಜಿಕ್’ ಕೂಡ ಇದರ ಮುಂದೆ ಸೋಲುತ್ತದೆ. ಗುಹೆಯಲ್ಲಿ ನಾಲ್ವರು ದೈತ್ಯರು ಎದುರಾದಾಗ ನಡುವೆ ಇದನ್ನು ನಿಲ್ಲಿಸಿ, ಇಬ್ಬರನ್ನು ಬೇರ್ಪಡಿಸಿ, ಉಳಿದಿಬ್ಬರೊಡನೆ ಮಾತ್ರ ಕಾದಾಡಬಹುದು. ಆದರೆ ಆಚೆಯ ಗದೆ ಈಚೆಗೆ ಬಾರದಂತೆಯೇ ಈಚೆಯ ಬಾಣವೂ ಆಚೆಗೆ ಹೋಗದು. ಮಾಂತ್ರಿಕನ ಏಕಾಗ್ರತೆ ಇರುವಷ್ಟು ಕಾಲ, ಹೆಚ್ಚೆಂದರೆ 10 ನಿಮಿಷ, ಇದರ ಆಯುಸ್ಸು. ಅವನಿಗೆ 30 ಅಂಕಗಳ ಗಾಯವಾದರೆ ಅದರರ್ಧವಾದ 15ನ್ನಾದರೂ ದಾಳದಿಂದ ಪಡೆಯದಿದ್ದಲ್ಲಿ ಗೋಡೆ ಮಾಯ. ಅದಲ್ಲದೆ ‘ಡಿಸಿಂಟಿಗ್ರೇಟ್’ ಎಂಬ ಒಂದು ಮಂತ್ರ ಇದನ್ನು ತತ್‌ಕ್ಷಣ ಭಸ್ಮಗೊಳಿಸುತ್ತದೆ. ಅಭೇದ್ಯವಾದ ಭಿತ್ತಿಗೆ ಮಾಂತ್ರಿಕನ ಭೇದ್ಯ ಶರೀರವೇ ಆಧಾರವಾಗಿರುವುದರಿಂದ, ಗೋಡೆಯನ್ನು ಕಟ್ಟಿದವನನ್ನು ಕಾಪಾಡುವುದು ಸಂಗಡಿಗರೆಲ್ಲರ ಕರ್ತವ್ಯವಾಗುತ್ತದೆ.

ಲೆನ್ ಲಕೋಫ್ಕ ಎಂಬ ಹಿರಿಯ ಆಟಗಾರರು ಆಡುತ್ತಿದ್ದ ಮಾಂತ್ರಿಕನ ಹೆಸರನ್ನು ಹೊತ್ತ ‘ಲಿಯೋಮಂಡ್ಸ್ ಟೈನಿ ಹಟ್’ ಯುದ್ಧಕ್ಕಿಂತ ವಿಶ್ರಾಂತಿಗೆ ಮೀಸಲಾದ ಗುಮ್ಮಟ. ಮಾಂತ್ರಿಕನ ಹೊರತಾಗಿ ಒಂಬತ್ತು ಜನರು 8 ಗಂಟೆಗಳ ಕಾಲ ಇದರೊಳಗೆ ನಿಶ್ಚಿಂತೆಯಿಂದ ಮಲಗಬಹುದು. ಕಟ್ಟಿದವನು ಹೊರಗೆ ಹೆಜ್ಜೆಯಿಟ್ಟೊಡನೆ ಮಾತ್ರ ಅದು ಕರಗಿಹೋಗುವುದು.

ಇವೆಲ್ಲಕ್ಕೂ ಮುಕುಟಪ್ರಾಯವಾದುದು ಒಂಬತ್ತನೆಯ ಮಟ್ಟದ ‘ಪ್ರಿಸ್ಮ್ಯಾಟಿಕ್ ವಾಲ್’. ಕೆಂಪಿನಿಂದ ನೇರಳೆಯವರೆಗೆ ಏಳು ವರ್ಣಗಳ ಏಳು ಪದರಗಳುಳ್ಳ ಈ ಪ್ರಾಕಾರದಲ್ಲಿ ಪ್ರತಿಯೊಂದು ಪದರಕ್ಕೂ ಬೇರೆಬೇರೆಯ ಪ್ರಹಾರ, ಬೇರೆಬೇರೆಯ ಪರಿಹಾರ: ಕೆಂಪು ಶೀತಕ್ಕೆ, ಕಿತ್ತಳೆ ಬಿರುಗಾಳಿಗೆ, ನೀಲಿ ಅಗ್ನಿಗೆ, ಕಟ್ಟಕಡೆಯ ನೇರಳೆ ಮಾತ್ರ ‘ಡಿಸ್ಪೆಲ್ ಮ್ಯಾಜಿಕ್’ ಮಂತ್ರಕ್ಕೆ ಮಣಿಯುವುದು, ಅದೂ ಕ್ರಮ ತಪ್ಪದೆ, ಒಂದಾದ ಮೇಲೊಂದರಂತೆ. ಕೇವಲ ಬಲದಿಂದ ಇದನ್ನು ಭೇದಿಸಲಾಗದು, ಜ್ಞಾನದಿಂದ ಭೇದಿಸಬಹುದು. ತನ್ನ ನಾಶದ ವಿಧಾನವನ್ನು ತನ್ನ ರಚನೆಯಲ್ಲಿಯೇ ಇಷ್ಟು ಕೂಲಂಕಷವಾಗಿ ಬರೆದಿಟ್ಟುಕೊಂಡಿರುವ ಕಾರಣದಿಂದಲೇ ಇದನ್ನು ನಾನು ಶ್ರೇಷ್ಠವೆನ್ನುತ್ತೇನೆ.

ಆದುದರಿಂದ ಆಟವನ್ನು ನಡೆಸುವ ಡಂಜನ್ ಮಾಸ್ಟರುಗಳಲ್ಲಿ ನನ್ನದೊಂದು ವಿಜ್ಞಾಪನೆ. ನೀವು ಹೂಡಿದ ಹೋರಾಟವನ್ನು ಆಟಗಾರನೊಬ್ಬನ ದಿಗ್ಬಂಧನ ನಿಲ್ಲಿಸಿಬಿಟ್ಟಾಗ, ನಿಯಮದಲ್ಲಿಲ್ಲದ ಶಕ್ತಿಯನ್ನು ರಾಕ್ಷಸನಿಗಿತ್ತು ಆ ಗೋಡೆಯನ್ನು ಕೆಡವಬೇಡಿ. ರಾಕ್ಷಸನು ಹೊರಗೆ ಕಾಯಲಿ, ಬಂಟರನ್ನು ಕರೆತರಲಿ, ಬೇರೆ ದಾರಿಯಿಂದ ಸುತ್ತಿ ಬರಲಿ. ಮಂತ್ರದ ಮಿತಿಗಳು ಇಷ್ಟಕ್ಕೆಲ್ಲ ಧಾರಾಳವಾಗಿ ಅವಕಾಶವೀಯುತ್ತವೆ. ಆಟಗಾರನು ಬೆಲೆ ತೆತ್ತು ಕೊಂಡ ರಕ್ಷಣೆಯನ್ನು ಗೌರವಿಸಿದಲ್ಲಿ ಮಾತ್ರ ಅವನು ನಿಮ್ಮ ಲೋಕವನ್ನು ನಂಬುತ್ತಾನೆ.