ಸಿಟಿ ಆಂಜಿಯೋಗ್ರಾಮ್: ‘ಶೇಕಡಾ 99 ನಿಖರ’ ಎಂದರೇನು?

ಎದೆಯಲ್ಲಿ ಆಗಾಗ ನೋವು ಕಾಣಿಸಿಕೊಂಡ ಒಬ್ಬರಿಗೆ ವೈದ್ಯರು ಸಿಟಿ ಆಂಜಿಯೋಗ್ರಾಮ್ ಮಾಡಿಸಲು ಸೂಚಿಸಿದ್ದಾರೆ ಎಂದಿಟ್ಟುಕೊಳ್ಳಿ. ‘ಈ ಪರೀಕ್ಷೆ ಎಷ್ಟು ನಿಖರ?’ ಎಂಬ ಪ್ರಶ್ನೆ ಏಳುವುದು ಸಹಜ. ‘ಶೇಕಡಾ 99’ ಎಂಬ ಉತ್ತರ ಸಿಗಬಹುದು. ಈ ಅಂಕಿ ಸುಳ್ಳಲ್ಲ. ಆದರೆ ಅದು ಯಾವ ಪ್ರಶ್ನೆಗೆ ಕೊಟ್ಟ ಉತ್ತರ ಎಂಬುದನ್ನು ತಿಳಿಸದಿದ್ದರೆ ಅದು ಅರ್ಧಸತ್ಯವಾಗುತ್ತದೆ. ಆ ಉಳಿದರ್ಧವನ್ನು ಈಗ ನೋಡೋಣ.

ಹೃದಯದ ಸ್ನಾಯುವಿಗೆ ರಕ್ತ ಒದಗಿಸುವ ನಾಳಗಳೇ ಕರೊನರಿ ಧಮನಿಗಳು. ಅವುಗಳ ಒಳಗೋಡೆಯಲ್ಲಿ ಕೊಬ್ಬು, ಕ್ಯಾಲ್ಸಿಯಂ ಮುಂತಾದವು ಶೇಖರವಾಗಿ ದಾರಿ ಕಿರಿದಾದರೆ ಎದೆನೋವು, ಹೃದಯಾಘಾತ ಸಂಭವಿಸುತ್ತವೆ. ಸಾಂಪ್ರದಾಯಿಕ ಆಂಜಿಯೋಗ್ರಾಮ್‌ನಲ್ಲಿ ಮಣಿಕಟ್ಟು ಅಥವಾ ತೊಡೆಸಂದಿನ ಮೂಲಕ ತೆಳುನಳಿಕೆಯನ್ನು ಹೃದಯದವರೆಗೆ ತೂರಿಸಿ, ಬಣ್ಣದ್ರವ ಹರಿಸಿ ಎಕ್ಸ್ ಕಿರಣದ ಚಿತ್ರ ತೆಗೆಯುತ್ತಾರೆ. ಸಿಟಿ ವಿಧಾನದಲ್ಲಿ ನಳಿಕೆ ಬೇಕಿಲ್ಲ. ಅಯೋಡಿನ್ ಇರುವ ದ್ರವವನ್ನು ತೋಳಿನ ಅಭಿಧಮನಿಗೆ ಚುಚ್ಚಿದರೆ ಸಾಕು. ಎಕ್ಸ್ ಕಿರಣದ ಕೊಳವೆ ದೇಹದ ಸುತ್ತ ತಿರುಗುತ್ತದೆ, ಗಣಕಯಂತ್ರ ಚಿತ್ರವನ್ನು ಜೋಡಿಸುತ್ತದೆ.

ಒಂದೇ ವರ್ಷ, ಮೂರು ಉತ್ತರ

2004ರ ಹೊತ್ತಿಗೆ 64 ಸ್ಲೈಸ್ ಸಿಟಿ ಯಂತ್ರಗಳು ಬಳಕೆಗೆ ಬಂದವು. ಇವುಗಳ ನಿಖರತೆಯನ್ನು ಅಳೆದ ಮೂರು ಪ್ರಮುಖ ಅಧ್ಯಯನಗಳು 2008ರಲ್ಲಿ ಪ್ರಕಟವಾದವು. ಮೂರರಲ್ಲೂ ರೋಗಿಗಳಿಗೆ ಸಿಟಿ ಮತ್ತು ಸಾಂಪ್ರದಾಯಿಕ ಆಂಜಿಯೋಗ್ರಾಮ್ ಎರಡನ್ನೂ ಮಾಡಿ ಫಲಿತಾಂಶಗಳನ್ನು ಹೋಲಿಸಲಾಯಿತು. ಧಮನಿ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದೆಯೇ ಎಂಬುದೇ ಪ್ರಶ್ನೆ.

‘ಅಕ್ಯುರಸಿ’ ಎಂಬ ಹೆಸರಿನ ಅಮೆರಿಕದ ಅಧ್ಯಯನದಲ್ಲಿ 230 ರೋಗಿಗಳಿದ್ದರು. ಸಿಟಿ ‘ರೋಗವಿಲ್ಲ’ ಎಂದು ಹೇಳಿದಾಗ ಅದು ಶೇಕಡಾ 99ರಷ್ಟು ಸರಿಯಾಗಿತ್ತು. ‘ರೋಗವಿದೆ’ ಎಂದು ಹೇಳಿದಾಗ ಶೇಕಡಾ 64ರಷ್ಟು ಮಾತ್ರ ಸರಿಯಾಗಿತ್ತು. ಏಳು ದೇಶಗಳ ಒಂಬತ್ತು ಆಸ್ಪತ್ರೆಗಳಲ್ಲಿ 291 ರೋಗಿಗಳ ಮೇಲೆ ನಡೆದ ‘ಕೋರ್ 64’ ಅಧ್ಯಯನದಲ್ಲಿ ಚಿತ್ರ ತಲೆಕೆಳಗಾಯಿತು. ‘ಇಲ್ಲ’ ಎಂಬ ಮಾತು ಶೇಕಡಾ 83, ‘ಇದೆ’ ಎಂಬ ಮಾತು ಶೇಕಡಾ 91 ಸರಿ. ನೆದರ್‌ಲೆಂಡ್ಸ್‌ನ 360 ರೋಗಿಗಳ ಅಧ್ಯಯನದಲ್ಲಿ ‘ಇಲ್ಲ’ ಶೇಕಡಾ 97, ‘ಇದೆ’ ಶೇಕಡಾ 86.

ಒಂದೇ ಬಗೆಯ ಯಂತ್ರ. ಹೀಗೇಕೆ?

ಮೊದಲ ಕಾರಣ, ಪರೀಕ್ಷೆಗೆ ಒಳಗಾದವರು ಯಾರು ಎಂಬುದು. ಅಮೆರಿಕದ ಅಧ್ಯಯನದಲ್ಲಿ ನೂರರಲ್ಲಿ ಸುಮಾರು 25 ಮಂದಿಗೆ ಮಾತ್ರ ನಿಜವಾಗಿ ರೋಗವಿತ್ತು. ‘ಕೋರ್ 64’ರಲ್ಲಿ ಈ ಸಂಖ್ಯೆ 56, ನೆದರ್‌ಲೆಂಡ್ಸ್‌ನಲ್ಲಿ 68. ಎರಡನೆಯ ಕಾರಣ, ಚಿತ್ರವನ್ನು ಓದುವ ಬಗೆ. ಡಚ್ ಅಧ್ಯಯನದಲ್ಲಿ ಸಿಟಿ ರೋಗಿಗಳಲ್ಲಿ ಶೇಕಡಾ 99 ಮಂದಿಯನ್ನು ಹಿಡಿಯಿತು. ಆದರೆ ರೋಗವಿಲ್ಲದವರಲ್ಲಿ ಶೇಕಡಾ 64 ಮಂದಿಯನ್ನಷ್ಟೇ ರೋಗವಿಲ್ಲದವರೆಂದು ಸರಿಯಾಗಿ ಗುರುತಿಸಿತು. ಸಂಶಯ ಬಂದ ಕಡೆಯೆಲ್ಲ ‘ಇದೆ’ ಎಂದರೆ ರೋಗಿಗಳು ತಪ್ಪಿಸಿಕೊಳ್ಳುವುದಿಲ್ಲ, ಆದರೆ ಆರೋಗ್ಯವಂತರೂ ಬಲೆಗೆ ಬೀಳುತ್ತಾರೆ. ಮೂರನೆಯದಾಗಿ, ‘ಕೋರ್ 64’ರಲ್ಲಿ ಕ್ಯಾಲ್ಸಿಯಂ ಅಂಕ 600ಕ್ಕಿಂತ ಹೆಚ್ಚಿದ್ದವರನ್ನು ಮುಖ್ಯ ಲೆಕ್ಕದಿಂದ ಹೊರಗಿಡಲಾಗಿತ್ತು. ಯಂತ್ರಕ್ಕೆ ಕಷ್ಟಕೊಡುವವರೇ ಅವರು!

ಒಂದು ಸಣ್ಣ ಲೆಕ್ಕ

ರೋಗಿಗಳನ್ನು ಶೇಕಡಾ 95ರಷ್ಟು, ರೋಗವಿಲ್ಲದವರನ್ನು ಶೇಕಡಾ 83ರಷ್ಟು ಸರಿಯಾಗಿ ಗುರುತಿಸುವ ಪರೀಕ್ಷೆಯನ್ನು ತೆಗೆದುಕೊಳ್ಳಿ. ಅಮೆರಿಕದ ಅಧ್ಯಯನದಲ್ಲಿ ದೊರೆತ ಅಂಕಿಗಳು ಇವೇ. ಯಾವ ತೊಂದರೆಯೂ ಇಲ್ಲದ 1000 ಮಂದಿಯನ್ನು ಪರೀಕ್ಷಿಸೋಣ. ಇವರಲ್ಲಿ 40 ಮಂದಿಗೆ ರೋಗವಿದೆ ಎಂದು ಊಹಿಸಿ. ಪರೀಕ್ಷೆ 38 ಮಂದಿಯನ್ನು ಹಿಡಿಯುತ್ತದೆ. ಉಳಿದ 960 ಮಂದಿಯಲ್ಲಿ ಶೇಕಡಾ 17, ಅಂದರೆ ಸುಮಾರು 163 ಮಂದಿಗೂ ‘ರೋಗವಿದೆ’ ಎಂಬ ವರದಿ ಬರುತ್ತದೆ. ಅಂಥ ವರದಿ ಪಡೆದ 201 ಮಂದಿಯಲ್ಲಿ ನಿಜವಾದ ರೋಗಿಗಳು ಐವರಲ್ಲಿ ಒಬ್ಬರಿಗಿಂತ ಕಡಿಮೆ!

ಈಗ 600 ಮಂದಿಗೆ ರೋಗವಿರುವ 1000 ಮಂದಿಯ ಗುಂಪನ್ನು ನೋಡಿ. 570 ಮಂದಿ ಸಿಕ್ಕಿಬೀಳುತ್ತಾರೆ. 30 ಮಂದಿ ತಪ್ಪಿಸಿಕೊಳ್ಳುತ್ತಾರೆ. ‘ರೋಗವಿಲ್ಲ’ ಎಂಬ ವರದಿ ಪಡೆದ 362 ಮಂದಿಯಲ್ಲಿ ಸುಮಾರು ಹನ್ನೆರಡರಲ್ಲಿ ಒಬ್ಬರಿಗೆ ರೋಗವಿರುತ್ತದೆ. ಯಂತ್ರ ಬದಲಾಗಿಲ್ಲ, ವರದಿಯ ಬೆಲೆ ಬದಲಾಗಿದೆ.

ಯಂತ್ರದ ಮಿತಿಗಳು

ಕರೊನರಿ ಧಮನಿಯ ವ್ಯಾಸ ಸುಮಾರು 3 ಮಿಮೀ ಎನ್ನೋಣ. ಶೇಕಡಾ 50 ಕಿರಿದಾದರೆ 1.5 ಮಿಮೀ ದಾರಿ ಉಳಿಯುತ್ತದೆ, ಶೇಕಡಾ 60 ಆದರೆ 1.2 ಮಿಮೀ. ವ್ಯತ್ಯಾಸ ಬರೀ 0.3 ಮಿಮೀ. 64 ಸ್ಲೈಸ್ ಯಂತ್ರ ಬೇರ್ಪಡಿಸಬಲ್ಲ ಅತಿ ಸಣ್ಣ ವಿವರವೇ ಸುಮಾರು ಅರ್ಧ ಮಿಮೀ! ಸಾಲದೆಂಬಂತೆ ಹೃದಯ ಸದಾ ಮಿಡಿಯುತ್ತಿರುತ್ತದೆ. ಆದ್ದರಿಂದಲೇ ಪರೀಕ್ಷೆಗೆ ಮೊದಲು ಬಡಿತ ತಗ್ಗಿಸುವ ಔಷಧ ಕೊಡುವುದುಂಟು. ಕ್ಯಾಲ್ಸಿಯಂ ಎಕ್ಸ್ ಕಿರಣವನ್ನು ಬಹಳವಾಗಿ ಹೀರುವುದರಿಂದ ಚಿತ್ರದಲ್ಲಿ ಇದ್ದುದಕ್ಕಿಂತ ದೊಡ್ಡದಾಗಿ ಕಂಡು, ದಾರಿ ನಿಜಕ್ಕಿಂತ ಕಿರಿದೆಂಬ ಭ್ರಮೆ ಹುಟ್ಟಿಸುತ್ತದೆ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ, ಫೋಟಾನುಗಳನ್ನು ಒಂದೊಂದಾಗಿ ಎಣಿಸುವ ಸಿಟಿ ಯಂತ್ರ ಈ ತೊಡಕನ್ನು ಸಾಕಷ್ಟು ತಗ್ಗಿಸಿದೆ. ಆದರೆ ಮೇಲಿನ ಲೆಕ್ಕದ ನಿಯಮವನ್ನು ಯಾವ ಯಂತ್ರವೂ ಮೀರಲಾರದು.

ಅಳತೆಗೋಲು ಸರಿಯೇ?

ಈ ಅಧ್ಯಯನಗಳ ಮೇಲೆ ಇನ್ನೊಂದು ಆಕ್ಷೇಪವೂ ಇದೆ. ಸಾಂಪ್ರದಾಯಿಕ ಆಂಜಿಯೋಗ್ರಾಮ್ ಹೇಳಿದ್ದೇ ಸತ್ಯ ಎಂದು ಅವು ಒಪ್ಪಿಕೊಂಡವು. ಅದು ತೋರಿಸುವುದು ದಾರಿಯ ನೆರಳನ್ನು ಮಾತ್ರ, ಗೋಡೆಯೊಳಗಿನ ಶೇಖರಣೆಯನ್ನಲ್ಲ. ಸಿಟಿಯಲ್ಲಿ ಗೋಡೆಯೂ ಕಾಣುತ್ತದೆ. ಮೇಲಾಗಿ ದಾರಿ ಕಿರಿದಾದ ಮಾತ್ರಕ್ಕೆ ರಕ್ತದ ಹರಿವು ಕುಂದಿದೆ ಎನ್ನಲಾಗದು. ಧಮನಿಯೊಳಗಿನ ಒತ್ತಡ ಅಳೆದ ‘ಫೇಮ್’ ಅಧ್ಯಯನದ 2010ರ ವಿಶ್ಲೇಷಣೆಯಲ್ಲಿ, ಶೇಕಡಾ 50ರಿಂದ 70ರವರೆಗೆ ಕಿರಿದಾದ ತಾಣಗಳಲ್ಲಿ ಶೇಕಡಾ 35 ಮಾತ್ರ ಹರಿವಿಗೆ ನಿಜವಾದ ಅಡ್ಡಿಯಾಗಿದ್ದವು. ಹಾಗಿದ್ದರೆ ‘ಅರ್ಧಕ್ಕಿಂತ ಹೆಚ್ಚು’ ಎಂಬ ಗೆರೆಯನ್ನು ಸಿಟಿ ಸರಿಯಾಗಿ ಗುರುತಿಸಿದರೂ ಸ್ಟೆಂಟ್ ಹಾಕಬೇಕೇ ಎಂಬುದು ಅದರಿಂದ ತೀರ್ಮಾನವಾಗುವುದಿಲ್ಲ.

ರೋಗಿಗೆ ಬಂದ ಲಾಭ

ಕೊನೆಗೆ ಮುಖ್ಯವಾಗುವುದು ರೋಗಿಯ ಕ್ಷೇಮ. ಅಮೆರಿಕ ಮತ್ತು ಕೆನಡಾದ 10,003 ಮಂದಿಯ ‘ಪ್ರಾಮಿಸ್’ ಅಧ್ಯಯನದಲ್ಲಿ (2015) ಸಿಟಿ ಮಾಡಿಸಿಕೊಂಡವರಿಗೂ ಶ್ರಮಪರೀಕ್ಷೆಯಂಥ ಇತರ ಪರೀಕ್ಷೆ ಮಾಡಿಸಿಕೊಂಡವರಿಗೂ ಸುಮಾರು ಎರಡು ವರ್ಷಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದರೆ ಎದೆನೋವಿನ 4,146 ರೋಗಿಗಳನ್ನು ಐದು ವರ್ಷ ಗಮನಿಸಿದ ಸ್ಕಾಟ್‌ಲೆಂಡಿನ ‘ಸ್ಕಾಟ್-ಹಾರ್ಟ್’ ಅಧ್ಯಯನದಲ್ಲಿ (2018), ಎಂದಿನ ಆರೈಕೆ ಮಾತ್ರ ಪಡೆದವರಲ್ಲಿ ಶೇಕಡಾ 3.9 ಮಂದಿ ಕರೊನರಿ ರೋಗದಿಂದ ಸತ್ತರು ಅಥವಾ ಹೃದಯಾಘಾತಕ್ಕೆ ಒಳಗಾದರು. ಜೊತೆಗೆ ಸಿಟಿಯೂ ಆದವರಲ್ಲಿ ಇದು ಶೇಕಡಾ 2.3. ಐದು ವರ್ಷಗಳ ಕೊನೆಗೆ ಸ್ಟೆಂಟ್, ಬೈಪಾಸ್‌ಗಳ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ವ್ಯತ್ಯಾಸವಿದ್ದುದು ಕೊಲೆಸ್ಟೆರಾಲ್ ತಗ್ಗಿಸುವ ಮಾತ್ರೆಯಂಥ ಮುನ್ನೆಚ್ಚರಿಕೆಯ ಚಿಕಿತ್ಸೆಯಲ್ಲಿ. ಗೋಡೆಯಲ್ಲಿ ಅಡಗಿದ್ದ ರೋಗ ಕಣ್ಣಿಗೆ ಬಿದ್ದುದರಿಂದ ಔಷಧ ಸಕಾಲದಲ್ಲಿ ಶುರುವಾಯಿತು ಎಂಬುದು ಸಂಭಾವ್ಯ ವಿವರಣೆ. ಆಂಜಿಯೋಗ್ರಾಮ್ ಜೊತೆಗಿನ ಹೋಲಿಕೆಯಲ್ಲಿ ಸಿಟಿಯ ‘ನಿಖರತೆ’ ಅಳೆದಾಗ ಈ ಗುಣ ಲೆಕ್ಕಕ್ಕೇ ಬಂದಿರಲಿಲ್ಲ!

ಆದ್ದರಿಂದ ಎದೆನೋವಿದ್ದು ರೋಗದ ಸಂಭವ ಕಡಿಮೆಯಿಂದ ಮಧ್ಯಮ ಮಟ್ಟದಲ್ಲಿರುವವರಿಗೆ ಸಿಟಿ ಒಳ್ಳೆಯ ಪರೀಕ್ಷೆ. ಅದು ‘ಇಲ್ಲ’ ಎಂದರೆ ಬಹುಮಟ್ಟಿಗೆ ನಂಬಬಹುದು, ‘ಇದೆ’ ಎಂದರೆ ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಯಾವ ತೊಂದರೆಯೂ ಇಲ್ಲದ, ಅಪಾಯ ಕಡಿಮೆಯಿರುವವರಿಗೆ ಇದು ಬೇಡವೆಂದು ಯುರೋಪಿನ ಹೃದ್ರೋಗ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ವಿಕಿರಣ, ಬಣ್ಣದ್ರವ, ಖರ್ಚು, ಅನಗತ್ಯ ಗಾಬರಿ ಇವೆಲ್ಲ ಸುಮ್ಮನೆ ಬರುವುದಿಲ್ಲ.

ಮುಂದೆ ಯಾರಾದರೂ ನಿಮಗೆ ‘ಶೇಕಡಾ 99 ನಿಖರ’ ಎಂದರೆ ಎರಡು ಪ್ರಶ್ನೆ ಕೇಳಿ: ‘ಇದೆ’ ಎನ್ನುವುದರಲ್ಲೋ, ‘ಇಲ್ಲ’ ಎನ್ನುವುದರಲ್ಲೋ? ಮತ್ತು, ನನ್ನಂಥವರಲ್ಲಿಯೋ?