ಸಫಿಯಾ ಬರೆದ ಪತ್ರಗಳು

1949ರಲ್ಲಿ ಉರ್ದು ಕವಿ ಜಾನ್ ನಿಸಾರ್ ಅಖ್ತರ್ ಭೋಪಾಲದ ಹಮೀದಿಯಾ ಕಾಲೇಜಿನ ಕೆಲಸ ಬಿಟ್ಟು ಸಿನಿಮಾ ಹಾಡು ಬರೆಯಲು ಮುಂಬಯಿಗೆ ಹೋದರು. ಪತ್ನಿ ಸಫಿಯಾ ಅಲ್ಲೇ ಪಾಠ ಹೇಳುತ್ತ ಜಾವೇದ್, ಸಲ್ಮಾನ್ ಎಂಬ ಇಬ್ಬರು ಮಕ್ಕಳನ್ನು ಸಾಕಿದರು. 1953ರ ಜನವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಗಂಡನಿಗೆ ಅವರು ಬರೆದ ಪತ್ರಗಳು ಆಮೇಲೆ 'ಹರ್ಫ್-ಎ-ಆಶ್ನಾ', 'ಝೇರ್-ಎ-ಲಬ್' ಎಂಬ ಎರಡು ಸಂಪುಟಗಳಾದವು.

ಇವನ್ನು ಆದರ್ಶ ಪತ್ನಿಯ ವಿರಹವೆಂದು ಹೊಗಳುವುದು ರೂಢಿ. ಹಾಗೆ ಓದಿದರೆ ಸಫಿಯಾರಿಗೆ ಅನ್ಯಾಯ ಮಾಡಿದಂತೆ. ಅವರು ಕವಿ ಮಜಾಝ್‌ರ ತಂಗಿ, ಸ್ವತಃ ಸಾಹಿತ್ಯ ಬಲ್ಲವರು. ಹಣದ ಚಿಂತೆ, ಮಕ್ಕಳು, ತನ್ನ ಕಾಯಿಲೆ ಎಲ್ಲವನ್ನೂ ಅಲಂಕಾರವಿಲ್ಲದ ಮಾತಿನಲ್ಲಿ ಹಿಡಿದಿಡುವ ಈ ಗದ್ಯ ಅಂದಿನ ಎಷ್ಟೋ ಕಾದಂಬರಿಗಳಿಗಿಂತ ಗಟ್ಟಿ. ಬರೆಯುವ ಹಂಬಲ ಇಬ್ಬರಿಗೂ ಇತ್ತು. ಅದಕ್ಕಾಗಿ ಊರು ಬಿಡುವ ಅವಕಾಶ ಸಿಕ್ಕಿದ್ದು ಒಬ್ಬರಿಗೆ. ಇನ್ನೊಬ್ಬರಿಗೆ ಸಿಕ್ಕಿದ್ದು ಪತ್ರದ ಹಾಳೆ.

ಸಂಪುಟಗಳಲ್ಲಿ ಗಂಡನ ಉತ್ತರಗಳಿಲ್ಲ. ಅವರ ಉತ್ತರ ಬಂದದ್ದು ಕವಿತೆಯಾಗಿ, ಆಕೆಯ ಮರಣಾನಂತರ. ಆ ಶೋಕಗೀತೆ ನಿಜಕ್ಕೂ ಚೆನ್ನಾಗಿದೆ. ಅವರಿಗೆ ಸಿನಿಮಾದಲ್ಲಿ ಹೆಸರು ತಂದ 'ಯಾಸ್ಮಿನ್' ತೆರೆಕಂಡದ್ದು 1955ರಲ್ಲಿ. ಅಷ್ಟರಲ್ಲಿ ಸಫಿಯಾ ಇರಲಿಲ್ಲ.