ಚಳಿನಾಡಿಗೆ ಹೊರಟ ವ್ಯಾನಿನ ನೀರು

ಅಹಮದಾಬಾದ್, ವಡೋದರಾ, ಸೂರತ್‌ನವರು ಊರು ಬಿಡುವ ಕಾಲವೆಂದರೆ ದೀಪಾವಳಿ. ಲಾಭ ಪಂಚಮಿಯವರೆಗೆ ಅಂಗಡಿಗಳಿಗೆ ಬೀಗ, ಮನಾಲಿಯ ರಸ್ತೆಗಳಲ್ಲಿ ಗುಜರಾತಿನ ನಂಬರ್ ಪ್ಲೇಟುಗಳ ಸಾಲು. ಈಚೆಗೆ ಆ ಸಾಲಿನಲ್ಲಿ ಅಡುಗೆಕಟ್ಟೆ, ನಲ್ಲಿ, ಗೀಸರ್ ಇರುವ ಕ್ಯಾಂಪರ್‌ವ್ಯಾನುಗಳೂ ಸೇರಿವೆ. ಅವುಗಳಲ್ಲಿ ಹೊರಡುವ ಗುಜರಾತಿನ ಕನ್ನಡಿಗ ಗೆಳೆಯರಿಗೆ ನಾನು ಹೇಳುವುದು ಒಂದೇ ಮಾತು: ಮನಾಲಿಯಾಚೆಯ ಅಟಲ್ ಸುರಂಗ ದಾಟುವ ಮುನ್ನ ವ್ಯಾನಿನ ನೀರನ್ನು ಪೂರ್ತಿ ಖಾಲಿ ಮಾಡಿ.

ಇಲ್ಲಿ ಬದುಕಿದವರಿಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ. ಅಹಮದಾಬಾದಿನ ಪೋಳ್ ಎಂಬ ಓಣಿಗಳ ಹಳೆಯ ಮನೆಗಳಲ್ಲಿ ಅಂಗಳದಡಿಯ ಟಾಂಕಾ ಎಂಬ ತೊಟ್ಟಿಯಲ್ಲಿ ಮಳೆನೀರನ್ನು ಬೆಳಕು ಸೋಕದಂತೆ ಕಾಪಾಡುತ್ತಿದ್ದರು. ವಡೋದರಾಕ್ಕೆ ಸಯಾಜಿರಾವ್ ಗಾಯಕವಾಡರು ಕಟ್ಟಿಸಿದ ಆಜವಾ ಕೆರೆ ಇಂದಿಗೂ ನೀರುಣಿಸುತ್ತಿದೆ. ಟ್ಯಾಂಕ್ ತುಂಬಿದ್ದರೆ ಮನಸ್ಸಿಗೆ ನೆಮ್ಮದಿ. ರಾಜಸ್ಥಾನ ದಾಟುವವರೆಗೆ ಆ ನೆಮ್ಮದಿ ಸರಿಯೇ. ಆದರೆ ಮನಾಲಿಯೇ ಸುಮಾರು 2,000 ಮೀಟರ್ ಎತ್ತರದಲ್ಲಿದೆ. 2020ರಲ್ಲಿ ತೆರೆದ ಒಂಬತ್ತು ಕಿಲೋಮೀಟರ್ ಸುರಂಗದ ಆಚೆ ತುದಿ 3,000 ಮೀಟರನ್ನೂ ಮೀರುತ್ತದೆ. ಅದರಾಚೆಯ ಕೇಲಾಂಗ್, ಜಿಸ್ಪಾಗಳಲ್ಲಿ ನವೆಂಬರಿನ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ.

ಹೆಪ್ಪುಗಟ್ಟಿದ ನೀರು ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರು ಹೋಗಲು ಜಾಗವಿಲ್ಲದೆ ಬಲಹೀನವಾದ ಭಾಗವನ್ನು ಒಡೆಯುತ್ತದೆ: ಫಿಲ್ಟರಿನ ಬಟ್ಟಲು, ಪಂಪಿನ ತಲೆ, ಗೀಸರಿನ ಜೋಡಣೆ. ಅಂದು ಏನೂ ಕಾಣದು. ಕೆಳಗಿಳಿದು ಬಿಸಿಲಿಗೆ ಬಂದ ಮೇಲೆ ಹಾಸಿಗೆಯಡಿಯಿಂದ ತೊಟ್ಟಿಕ್ಕಲು ಶುರುವಾಗುತ್ತದೆ.

ಆದ್ದರಿಂದ ಮನಾಲಿಯಲ್ಲೇ ಅರ್ಧ ಗಂಟೆ ಇದಕ್ಕೆಂದೇ ಎತ್ತಿಡಿ. ಗೀಸರ್ ಆರಿಸಿ, ತಣ್ಣಗಾದ ಮೇಲೆ ಅದರ ತಳದ ತಿರುಪು ಬಿಚ್ಚಿ. ಬಿಸಿ, ತಣ್ಣೀರಿನ ನಲ್ಲಿಗಳೆಲ್ಲ ತೆರೆದಿರಲಿ. ಪಂಪ್ ಹಾಕಿದಾಗ ಮೊದಲು ಸಮನಾಗಿ ಬರುವ ಧಾರೆ ಕ್ರಮೇಣ ಕೆಮ್ಮತೊಡಗುತ್ತದೆ, ಗಾಳಿ ಉಗುಳುತ್ತದೆ, ಪಂಪಿನ ಗುಂಯ್‌ಗುಡುವಿಕೆ ಏರುದನಿಗೆ ತಿರುಗುತ್ತದೆ. ಅಲ್ಲಿಗೆ ನಿಲ್ಲಿಸಿ, ಒಣಗಿದ ಪಂಪನ್ನು ಓಡಿಸಬಾರದು. ಶವರಿನ ಕೊಳವೆಯನ್ನು ಕೊಕ್ಕೆಯಿಂದ ತೆಗೆದು ನೆಲಕ್ಕೆ ಇಳಿಬಿಡಿ. ಬಾಗಿದಲ್ಲೆಲ್ಲ ಒಂದು ಲೋಟ ನೀರು ಅಡಗಿರುತ್ತದೆ, ಎಲ್ಲರೂ ಮರೆಯುವುದು ಅದನ್ನೇ. ಫಿಲ್ಟರಿನ ಬಟ್ಟಲು ಬಿಚ್ಚಿ ಬೇರೆಯಿಡಿ. ಮುಂದಿನ ದಿನಗಳಿಗೆ ಕುಡಿಯುವ ನೀರು ಕ್ಯಾನಿನಲ್ಲಿ, ವ್ಯಾನಿನೊಳಗೆ, ಜನ ಮಲಗುವ ಕಡೆಯೇ ಇರಲಿ. ಖಾಲಿ ಮಾಡಿದ ನೀರನ್ನು ರಸ್ತೆಗೆ ಮಾತ್ರ ಬಿಡಬೇಡಿ. ಮೇಲ್ಭಾಗದ ರಸ್ತೆಗಳಲ್ಲಿ ಅದೇ ರಾತ್ರಿ ಗಡ್ಡೆಗಟ್ಟಿ ಹಿಂದಿನ ಗಾಡಿಯನ್ನು ಜಾರಿಸುತ್ತದೆ.

ಸಿಂಕಿನ ಕೆಳಗಿನ ಬಾಗುಕೊಳವೆಯಲ್ಲಿ ಮಾತ್ರ ನೀರು ನಿಲ್ಲಲೇಬೇಕು. ಅಲ್ಲಿಗೆ ಹೆಪ್ಪುನಿರೋಧಕ ದ್ರಾವಣ ಸುರಿಯುವುದಾದರೆ ಪ್ರೊಪಿಲೀನ್ ಗ್ಲೈಕಾಲ್ ಇರುವುದೇ ಆಗಲಿ. ಎಂಜಿನ್ನಿನ ಕೂಲೆಂಟ್ ಕೈಗೆ ಸಿಕ್ಕಿತೆಂದು ನೀರಿನ ಯಾವ ಭಾಗಕ್ಕೂ ಹಾಕಬೇಡಿ. ಬಹುತೇಕ ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ರುಚಿ ಸಿಹಿ. ಮಕ್ಕಳಿರುವ ವ್ಯಾನಿನಲ್ಲಿ ಇದಕ್ಕಿಂತ ದೊಡ್ಡ ಅಪಾಯವಿಲ್ಲ.

ಬಯಲಿಗೆ ಮರಳಿದ ಮೇಲೆ ಟ್ಯಾಂಕನ್ನು ಒಮ್ಮೆಲೇ ತುಂಬಬೇಡಿ. ಹತ್ತು ಲೀಟರ್ ಹಾಕಿ, ಪಂಪ್ ಓಡಿಸಿ, ನಲ್ಲಿ ಮುಚ್ಚಿ. ಯಾರೂ ನೀರು ಬಳಸದಿದ್ದರೂ ಪಂಪ್ ಆಗಾಗ ತಾನೇ ಗುರ್ ಎಂದರೆ ಎಲ್ಲೋ ಸೋರುತ್ತಿದೆ. ಟಾರ್ಚ್ ಹಿಡಿದು ಪ್ರತಿ ಜೋಡಣೆಗೂ ಒಣಬಟ್ಟೆ ಒತ್ತಿ ನೋಡಿ.